ಹನ್ನೊಂದನೆಯ ಬಾಗಿಲು

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂಲೆಯಂಗಡಿಗೆ ಹಾಲಿನ ಕೊನೆಯ ಪ್ಯಾಕೆಟ್‌ಗಳನ್ನು ಇಳಿಸಿದ ಚಾಲಕರು ವ್ಯಾನಿನ ಹಿಂಬದಿಗೆ ಹತ್ತಿ, ಖಾಲಿ ಕ್ರೇಟುಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದಾರೆ. ಬೋರಲು ಬಿದ್ದ ಪ್ರತಿ ಕ್ರೇಟೂ ಒಬ್ಬ ಆಟಗಾರನ ಕುರ್ಚಿ. ನೆಲಕ್ಕೆ ಸೋರಿದ ಹಾಲನ್ನು ಹಳೆಯ ಗೋಣಿಚೀಲದಿಂದ ಒರೆಸಿ, ಚೆಂಡುಗಳ ಬಲೆಚೀಲವನ್ನು ಕೊಕ್ಕೆಗೆ ಸಿಕ್ಕಿಸಿ, ತಾವು ಉಳಿಸಿಕೊಂಡ ನಾಲ್ಕು ಪ್ಯಾಕೆಟ್‌ಗಳನ್ನು ಮಂಜುಗಡ್ಡೆಯ ಡಬ್ಬದೊಳಗೆ ತಳ್ಳುತ್ತಾರೆ. ಇಲ್ಲಿಗೆ ಹೊಟ್ಟೆಪಾಡಿನ ಕೆಲಸ ಮುಗಿಯಿತು. ಇನ್ನು ಶುರುವಾಗುವುದು ತಾವಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ.

ಆ ಕೆಲಸವೆಂದರೆ ಮಲಗಿದವರನ್ನು ಎಬ್ಬಿಸುವುದು. ಮಾರುಕಟ್ಟೆ ಬೀದಿಯ ದುಡಿಯುವ ಜನ ಸೇರಿ ಕಟ್ಟಿಕೊಂಡ ಫುಟ್‌ಬಾಲ್ ತಂಡವೊಂದಿದೆ. ಎಲ್ಲರೂ ಮೂವತ್ತೈದು ದಾಟಿದವರು. ಒಬ್ಬಿಬ್ಬರ ಹೊಟ್ಟೆ ಚೆಂಡಿಗಿಂತ ಮುಂದೆ ಓಡುತ್ತದೆ. ಕಪ್ ಗೆದ್ದವರಲ್ಲ, ಗೆಲ್ಲುವ ಆಸೆಯೂ ಅಷ್ಟಕ್ಕಷ್ಟೆ. ಭಾನುವಾರದ ಲೀಗಿನಲ್ಲಿ ಆಡುತ್ತಾರೆ, ಸೋಲುತ್ತಾರೆ, ಆಗೊಮ್ಮೆ ಈಗೊಮ್ಮೆ ಗೆದ್ದು ತಾವೇ ಬೆರಗಾಗುತ್ತಾರೆ. ಇವರನ್ನು ಹಾಸಿಗೆಯಿಂದ ಎತ್ತಿ ಮೈದಾನಕ್ಕೆ ಮುಟ್ಟಿಸುವುದು ಐವತ್ತರ ಹತ್ತಿರ ಬಂದಿರುವ ಈ ಹಾಲಿನ ವ್ಯಾನಿನ ಚಾಲಕರು. ತಂಡದವರ ಬಾಯಲ್ಲಿ ಇವರು ಕೋಳಿಯಣ್ಣ. ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ನಂಬಿದ್ದ ಅಜ್ಜಿಯನ್ನು ಕಂಡು ಜನ ನಕ್ಕರಂತೆ. ಈ ತಂಡದ ಮಟ್ಟಿಗೆ ಅಜ್ಜಿಯ ಮಾತೇ ಸರಿ. ಈ ಕೋಳಿ ಕೂಗದಿದ್ದರೆ ಭಾನುವಾರ ಬೆಳಗಾಗುವುದೇ ಇಲ್ಲ.

ಫೋನಿಲ್ಲವೇ ಎಂದು ಕೇಳಿದರೆ ನಗುತ್ತಾರೆ. "ಫೋನಲ್ಲಿ ಎಲ್ಲರೂ ಎದ್ದೇ ಇರ್ತಾರೆ. ಬಂದೆ ಬಂದೆ ಅಂತಾರೆ, ಹೊದ್ದಿಕೆ ಎಳ್ಕೊಂಡು ಮತ್ತೆ ಮಲಗ್ತಾರೆ. ಬಾಗ್ಲಲ್ಲಿ ಹೋಗಿ ನಿಂತ್ರೇನೇ ನಿಜ ಗೊತ್ತಾಗೋದು."

ಈ ಪಾಠವನ್ನು ಅವರು ಕಲಿತದ್ದು ಒಂದು ಕೆಟ್ಟ ಬೆಳಗ್ಗೆ. ಆಗ ತಂಡಕ್ಕಿನ್ನೂ ಎಳೆಯ ಪ್ರಾಯ, ಎಡಗಡೆಯ ರಕ್ಷಣೆ ಇವರದೇ. ಎದುರಾಳಿಗಳು ಬೂಟು ಬಿಗಿದು ಸಾಲಾಗಿ ನಿಂತಿದ್ದಾರೆ, ಇವರ ಕಡೆ ಬಂದವರು ಆರೇ ಜನ. ಏಳು ಮಂದಿಯಾದರೂ ಇಲ್ಲದಿದ್ದರೆ ಪಂದ್ಯ ಶುರುವಾಗುವುದಿಲ್ಲ, ಎದುರಿನವರು ಆಡದೆಯೇ ಗೆದ್ದಂತೆ. ರೆಫರಿ ಗಡಿಯಾರ ನೋಡಿ ಶಿಳ್ಳೆ ಊದಿದರು, ಆರು ಜನ ತಲೆ ತಗ್ಗಿಸಿಕೊಂಡು ಮನೆಗೆ ನಡೆದರು. ಮುಂದಿನ ವಾರದಿಂದ ಚಾಲಕರು ಹಾಲು ಹಾಕಿದ ಮೇಲೆ ವ್ಯಾನನ್ನು ಆಟಗಾರರ ಬೀದಿಗಳತ್ತ ತಿರುಗಿಸಿದರು. ಕ್ರೇಟು ಮುರಿಯಬಾರದು, ತೊಳೆದು ನಿಲ್ಲಿಸಬೇಕು ಎಂಬ ಷರತ್ತು ಹಾಕಿ ಹಾಲಿನ ಏಜೆನ್ಸಿಯ ಯಜಮಾನರೂ ಒಪ್ಪಿದರು. ಮೈಯೆಲ್ಲ ಹುಳಿ ವಾಸನೆ ಹೊತ್ತು ಇಳಿಯುವ ಈ ಆಟಗಾರರನ್ನು ಬೇರೆ ತಂಡದವರು 'ಮೊಸರಿನವರು' ಎಂದೇ ಕರೆಯುತ್ತಾರೆ.

ಜನ ಬರತೊಡಗಿದರು ಎಂದಮೇಲೆ ಇನ್ನೊಂದು ತಾಪತ್ರಯ. ಒಮ್ಮೆ ಹನ್ನೆರಡು ಮಂದಿಯಾದರು. ಕೊನೆಗೆ ಬಂದ ಬೇಕರಿಯವನನ್ನು ಹೊರಗೆ ಕೂರಿಸಿದರು. ರಾತ್ರಿಯಿಡೀ ಒಲೆಯ ಮುಂದೆ ನಿಂತು ಬಂದಿದ್ದವನು ಆಟ ಮುಗಿಯುವವರೆಗೆ ಹುಲ್ಲು ಕೀಳುತ್ತ ಕೂತಿದ್ದು ಎದ್ದು ಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆ ವಾರ ಚಾಲಕರು ತಂಡದವರನ್ನೆಲ್ಲ ಸೇರಿಸಿ ಒಂದು ಮಾತು ಹೇಳಿದರು: ಎಬ್ಬಿಸಿ ಕರೆತಂದವನನ್ನು ಕೂರಿಸಬಾರದು, ಹೆಚ್ಚಾದರೆ ಎಬ್ಬಿಸಿದವನೇ ಕೂರಬೇಕು. ಎಲ್ಲರೂ ತಲೆದೂಗಿದರು. ತಲೆದೂಗಲು ಅವರಿಗೇನು ಕಷ್ಟ, ಎಬ್ಬಿಸುವವರು ಒಬ್ಬರೇ ತಾನೆ.

ತೋಡಿದ ಹಳ್ಳಕ್ಕೆ ತಾವೇ ಬಿದ್ದರು. ಕೆಲಸ ಚೆನ್ನಾಗಿ ನಡೆದಷ್ಟೂ ಇವರಿಗೆ ಆಟವಿಲ್ಲ. ವ್ಯಾನಿನಲ್ಲಿ ಹತ್ತು ಜನ ಕೂತರೆ ಇವರು ಹನ್ನೊಂದನೆಯವರು, ಆಡಬಹುದು. ಹನ್ನೊಂದಾದರೆ ನೀರಿನ ಬಾಟಲಿ ಕಾಯಬೇಕು. ಲೆಕ್ಕಕ್ಕೆ ಇವರನ್ನು ಬಿಟ್ಟು ತಂಡದಲ್ಲಿ ಹದಿನಾಲ್ಕು ಮಂದಿ. ಮದುವೆ, ಜ್ವರ, ಓವರ್‌ಟೈಮ್ ಎಂದು ಪ್ರತಿ ವಾರ ಮೂವರು ತಪ್ಪಿದರೂ ಹನ್ನೊಂದು ಹೇಗೋ ತುಂಬಿಬಿಡುತ್ತದೆ.

"ಅಂಗಿ ನೋಡಿದ್ರೇ ಗೊತ್ತಾಗುತ್ತಲ್ಲ," ಎನ್ನುತ್ತಾರೆ ಅವರ ಹೆಂಡತಿ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರ ಕೆಲಸ. ದಿನವಿಡೀ ಹಾಸಿಗೆಯ ಬಟ್ಟೆಗಳ ಕಲೆ ನೋಡಿ ಪಳಗಿದ ಕಣ್ಣು. "ಎಲ್ಲರ ಅಂಗಿಲೂ ಮಣ್ಣು, ಹುಲ್ಲಿನ ಕಲೆ ಇರುತ್ತೆ. ಇವರದ್ದು ಇಸ್ತ್ರಿ ಮಡಿಕೆನೂ ಬಿಟ್ಟಿರಲ್ಲ. ಆಟಕ್ಕೆ ಹೋಗಿದ್ರೋ ಸಂಬಂಧ ನೋಡೋಕೆ ಹೋಗಿದ್ರೋ ಅಂತ ಕೇಳ್ತೀನಿ."

ತಮಾಷೆಯ ಒಳಗೊಂದು ಕೊರಗೂ ಇದೆ. ಆಸ್ಪತ್ರೆಯಲ್ಲಿ ಭಾನುವಾರವೇ ಬಟ್ಟೆ ಹೆಚ್ಚು, ರಜೆ ಸಿಗುವುದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಗಂಡ ಚೆಂಡು ಒದ್ದದ್ದನ್ನು ಅವರು ಒಂದು ಸಲವೂ ಕಂಡಿಲ್ಲ. ಈ ವಾರ ಯಂತ್ರವೊಂದು ಕೆಟ್ಟು, ಪಾಳಿ ಬದಲಾಗಿ, ಅಪರೂಪಕ್ಕೊಂದು ಭಾನುವಾರ ಕೈಗೆ ಬಿದ್ದಿದೆ. ಶನಿವಾರ ರಾತ್ರಿ ಊಟಕ್ಕೆ ಕೂತಾಗ, "ನಾಳೆ ನಾನೂ ಬರ್ತೀನಿ ರೀ" ಎಂದರಂತೆ. ಚಾಲಕರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಹಾಗಾಗಿ ಇವತ್ತು ವ್ಯಾನಿನ ಮುಂದಿನ ಸೀಟಿನಲ್ಲಿ ಅವರಿದ್ದಾರೆ, ಮಡಿಲಲ್ಲಿ ಫ್ಲಾಸ್ಕು. ಚಾಲಕರು ಸ್ವೆಟರಿನ ಒಳಗೆ ತಂಡದ ಅಂಗಿ ತೊಟ್ಟಿದ್ದಾರೆ, ಬೂಟಿಗೆ ಹೊಸ ದಾರ ಹಾಕಿದ್ದಾರೆ. ಬಾಯಿಬಿಟ್ಟು ಹೇಳದಿದ್ದರೂ ಮುಖದಲ್ಲಿ ಬರೆದಿದೆ: ಇವತ್ತು ಹತ್ತೇ ಜನ ಸಾಕು.

ಮೊದಲ ಬಾಗಿಲು ತಂಡದ ನಾಯಕನದು. ಕ್ಷೌರದಂಗಡಿ ಕೆಳಗೆ, ಮನೆ ಮೇಲೆ. ಚಾಲಕರು ಗೇಟಿನ ಸರಳಿಗೆ ವ್ಯಾನಿನ ಕೀಲಿಯಿಂದ ಬಡಿಯುತ್ತಾರೆ. ಪಕ್ಕದ ಮನೆಯ ನಾಯಿ ಮೊದಲು ಏಳುತ್ತದೆ, ನಾಯಕ ಆಮೇಲೆ. "ಬಂದೆ ಕೋಳಿಯಣ್ಣ, ಬೀದಿಗೆ ಬೀದಿನೇ ಎಬ್ಬಿಸ್ಬೇಡ," ಎನ್ನುತ್ತ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಾರೆ. ಗೋಲ್‌ಕೀಪರ್ ಆಗಿರುವ ಗಣಿತದ ಮೇಷ್ಟ್ರು ಬಾಗಿಲು ತೆರೆದು, "ನಾನು ಆಗ್ಲೇ ಎದ್ದಿದ್ದೆ" ಎನ್ನುತ್ತಾರೆ. ಕೆನ್ನೆಯ ಮೇಲೆ ದಿಂಬಿನ ಗೆರೆ ಬೇರೆ ಕತೆ ಹೇಳುತ್ತದೆ. ಇಬ್ಬರು ಮನೆಯಲ್ಲಿಲ್ಲ, ನೆಂಟರ ಮದುವೆಗೆ ಹೋಗಿದ್ದಾರೆ. ಇನ್ನೊಬ್ಬರಿಗೆ ಜ್ವರ. ವ್ಯಾನು ಬೀದಿ ಬೀದಿ ಸುತ್ತಿ, ಒಂದೊಂದು ಕ್ರೇಟೂ ತುಂಬುತ್ತ, ಹಾರ್ಡ್‌ವೇರ್ ಅಂಗಡಿಯ ಹಿಂದಿನ ಓಣಿಗೆ ಬಂದು ನಿಲ್ಲುವಾಗ ಒಳಗೆ ಹತ್ತು ಆಟಗಾರರು.

ಉಳಿದಿರುವುದು ಒಂದೇ ಬಾಗಿಲು, ಟೈಲ್ಸ್ ಹಾಕುವ ಮೇಸ್ತ್ರಿಯದು. ಆಡುವುದು ಎಡಗಡೆಯ ರಕ್ಷಣೆಯಲ್ಲಿ. ಅಂದರೆ ಚಾಲಕರದೇ ಜಾಗ.

"ಹತ್ತು ಜನ ಆದ್ವಲ್ಲ," ಹಿಂದಿನಿಂದ ನಾಯಕನ ದನಿ. "ಅತ್ತಿಗೆ ಬೇರೆ ಬಂದಿದ್ದಾರೆ. ಮೇಸ್ತ್ರಿ ನಿನ್ನೆ ಕತ್ತಲಾಗೋವರೆಗೂ ಕೆಲಸ ಮಾಡಿದಾನೆ, ಪಾಪ, ಮಲಗ್ಲಿ ಬಿಡು."

"ನೋಡ್ಕೊಂಡು ಬರ್ತೀನಿ," ಎಂದು ಚಾಲಕರು ಇಳಿಯುತ್ತಾರೆ.

ತಟ್ಟುತ್ತಾರೆ. ಉತ್ತರವಿಲ್ಲ. ಓಣಿಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇಷ್ಟಕ್ಕೇ ತಿರುಗಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಮೇಸ್ತ್ರಿಯೂ ಅನ್ನಲಾರ. ಚಾಲಕರು ಅರ್ಧ ತಿರುಗಿಯೂ ಆಯಿತು. ಆಗ ಕಣ್ಣಿಗೆ ಬೀಳುತ್ತವೆ ಹೊಸ್ತಿಲ ಪಕ್ಕದ ಬೂಟುಗಳು. ಸಿಮೆಂಟಿನ ಕಲೆಯೆಲ್ಲ ಹೋಗುವ ಹಾಗೆ ತಿಕ್ಕಿ ತೊಳೆದು, ಬೇಗ ಒಣಗಲೆಂದು ಒಳಗೆ ಹಳೆಯ ಪೇಪರು ತುರುಕಿ, ಗೋಡೆಗೆ ಒರಗಿಸಿಟ್ಟಿದ್ದಾನೆ. ದಣಿದು ಬಂದವನು ಮಲಗುವ ಮುಂಚೆ ಮಾಡಿದ ಕೆಲಸ ಇದು. ಚಾಲಕರು ಒಂದು ಗಳಿಗೆ ಆ ಬೂಟುಗಳನ್ನೇ ನೋಡುತ್ತಾರೆ. ಆಮೇಲೆ ಕೀಲಿ ತೆಗೆದು ಕಿಟಕಿಯ ಸರಳಿಗೆ ಬಡಿಯುತ್ತಾರೆ, ಓಣಿಗೆಲ್ಲ ಕೇಳುವಷ್ಟು ಜೋರಾಗಿ.

ಬಾಗಿಲು ತೆರೆಯುತ್ತದೆ. "ಅಯ್ಯೋ, ಹೊತ್ತಾಗೋಯ್ತಾ? ಬಿಟ್ಟು ಹೋಗ್ಬೇಡಿ ಅಣ್ಣ, ಮುಖಕ್ಕೆ ನೀರು ಹಾಕ್ಕೊಂಡು ಬಂದೆ."

ವ್ಯಾನಿನಲ್ಲಿ ಹನ್ನೊಂದು ಜನ. ಚಾಲಕರು ಗೇರು ಹಾಕಿ ಮೈದಾನದ ದಾರಿ ಹಿಡಿಯುತ್ತಾರೆ. ಮೇಸ್ತ್ರಿಗೆ ಇದೇನೂ ತಿಳಿಯದು, ವ್ಯಾನಿನ ಬದಿಗೆ ತಲೆಯಾನಿಸಿ ಮತ್ತೆ ನಿದ್ದೆ ಹೋಗಿದ್ದಾನೆ.

ಮೈದಾನದಲ್ಲಿ ನಾಯಕ, ಇವತ್ತೊಂದು ದಿನ ನೀನೇ ಆಡು ಎಂದು ಕೊನೆಯದಾಗಿ ಕೇಳಿ ನೋಡುತ್ತಾರೆ. ಚಾಲಕರು ಇಲ್ಲವೆಂದು ತಲೆಯಾಡಿಸುತ್ತಾರೆ. "ಆ ಮಾತು ಹೇಳಿದೋನು ನಾನೇ. ನನ್ನ ಹೆಂಡ್ತಿ ಬಂದ್ಲು ಅಂತ ಮಾತು ತಿರುಗಿಸಿದ್ರೆ ಮುಂದಿನ ವಾರ ಯಾವ ಮುಖ ಇಟ್ಕೊಂಡು ಇವರ ಬಾಗ್ಲಿಗೆ ಹೋಗ್ಲಿ?"

ಬಾಟಲಿಗಳ ಪಕ್ಕದಲ್ಲಿ ಎರಡು ಕ್ರೇಟು. ಗಂಡ ಹೆಂಡತಿ ಅಕ್ಕಪಕ್ಕ ಕೂರುತ್ತಾರೆ. ಫ್ಲಾಸ್ಕಿನ ಚಹಾ ಹಂಚಿಕೊಳ್ಳುತ್ತ, ಯಾರು ಯಾರೆಂದು ಚಾಲಕರು ತೋರಿಸಿಕೊಡುತ್ತಾರೆ. ಎದುರಾಳಿಗಳು ಅಂಚೆ ಕಚೇರಿಯ ತಂಡ, ಓಟದಲ್ಲಿ ಚುರುಕು. ಮೊದಲರ್ಧದಲ್ಲಿ ಅವರದೊಂದು ಗೋಲು. ಎರಡನೆಯ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ನಾಯಕ ಒದ್ದ ಚೆಂಡು ಯಾರದೋ ಬೆನ್ನಿಗೆ ತಾಗಿ ಬಲೆ ಸೇರುತ್ತದೆ. ಹೇಗೆ ಬಂದರೇನು, ಗೋಲು ಗೋಲೇ.

ಆಟ ಮುಗಿಯಲು ಇನ್ನೂ ಸಾಕಷ್ಟು ಹೊತ್ತಿರುವಾಗ ಎಡಗಡೆ ಮೇಸ್ತ್ರಿ ಪಾದ ಹಿಡಿದುಕೊಂಡು ಕುಸಿಯುತ್ತಾನೆ. ಈ ಲೀಗಿನಲ್ಲಿ ಪೆಟ್ಟಾದವರ ಬದಲಿಗಷ್ಟೇ ಇನ್ನೊಬ್ಬರು ಇಳಿಯಬಹುದು, ಹೊರಬಂದವರು ಮತ್ತೆ ಒಳಗೆ ಹೋಗುವಂತಿಲ್ಲ. ಚಾಲಕರು ಎದ್ದು ನಿಂತಿದ್ದಾರೆ. ಕೈ ತಾನಾಗಿಯೇ ಸ್ವೆಟರು ಬಿಚ್ಚಿ ಹೆಂಡತಿಯ ಮಡಿಲಿಗೆ ಹಾಕಿದೆ. ಆದರೆ ಪೆಟ್ಟಾದವರನ್ನು ನೋಡಿಕೊಳ್ಳುವವರೂ ಈ ತಂಡದಲ್ಲಿ ಬೇರೆ ಯಾರೂ ಇಲ್ಲ. ಮಂಜುಗಡ್ಡೆಯ ಡಬ್ಬದಿಂದ ಒಂದು ಹಾಲಿನ ಪ್ಯಾಕೆಟ್ ಎಳೆದುಕೊಂಡು ಓಡುತ್ತಾರೆ.

ತಣ್ಣಗಿನ ಪ್ಯಾಕೆಟನ್ನು ಮೇಸ್ತ್ರಿಯ ಕಾಲಿನ ಹರಡಿಗೆ ಒತ್ತಿ ಹಿಡಿದು, ಪಾದವನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸುತ್ತಾರೆ. ಊತವಿಲ್ಲ. ಮೇಸ್ತ್ರಿ ಅವರ ಮುಖವನ್ನೇ ನೋಡುತ್ತಿದ್ದಾನೆ. "ಆಗುತ್ತಾ ಅಣ್ಣ? ನೀವು ಬೇಡ ಅಂದ್ರೆ ಹೊರಗೆ ಬರ್ತೀನಿ."

ಬೇಡ ಎಂಬ ಒಂದು ಮಾತು ಸಾಕಿತ್ತು. ನಾಯಕ ನೋಡುತ್ತಿದ್ದಾರೆ, ರೆಫರಿ ಕಾಯುತ್ತಿದ್ದಾರೆ. ಗೆರೆಯಾಚೆ ಹೆಂಡತಿಯೂ ಎದ್ದು ನಿಂತಿದ್ದಾರೆ.

"ಏನೂ ಆಗಿಲ್ಲ. ಎದ್ದು ನಾಲ್ಕು ಹೆಜ್ಜೆ ಹಾಕು," ಎನ್ನುತ್ತಾರೆ ಚಾಲಕರು. ಮೇಸ್ತ್ರಿ ನಾಲ್ಕು ಹೆಜ್ಜೆ ಹಾಕುತ್ತಾನೆ, ಐದನೆಯದಕ್ಕೆ ಓಡುತ್ತಾನೆ. ಇವರು ಪ್ಯಾಕೆಟ್ ಹಿಡಿದುಕೊಂಡು ಹಿಂದಕ್ಕೆ ಬರುತ್ತಾರೆ.

"ಸ್ವೆಟರ್ ಬಿಚ್ಚಿದ್ರಿ, ಮತ್ತೆ ಹಾಕ್ಕೋತಿದೀರಿ," ಎನ್ನುತ್ತಾರೆ ಹೆಂಡತಿ.

"ಚಳಿ ಆಯ್ತು ಕಣೇ."

"ಇಷ್ಟು ಬಿಸಿಲಿದೆ."

ಹೆಂಡತಿ ಸ್ವೆಟರಿನ ತೋಳು ಸರಿಮಾಡಿ ಕೊಡುತ್ತಾರೆ. ಪಂದ್ಯ ಒಂದು-ಒಂದರಲ್ಲಿ ಮುಗಿಯುತ್ತದೆ. ಮೇಸ್ತ್ರಿ ಕೊನೆಯವರೆಗೂ ಓಡುತ್ತಾನೆ, ಚೆನ್ನಾಗಿಯೇ ಆಡುತ್ತಾನೆ.

ಮಧ್ಯಾಹ್ನ, ಎಲ್ಲರನ್ನೂ ಅವರವರ ಮನೆಗೆ ಬಿಟ್ಟಾದ ಮೇಲೆ, ಏಜೆನ್ಸಿಯ ಅಂಗಳದಲ್ಲಿ ಚಾಲಕರು ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ವ್ಯಾನು ತೊಳೆಯುತ್ತಿದ್ದಾರೆ. ಹೆಂಡತಿ ಪೈಪು ಹಿಡಿದಿದ್ದಾರೆ. ಕ್ರೇಟುಗಳ ಸಂದಿನಲ್ಲಿ ಸಿಕ್ಕ ಮಣ್ಣು, ಹುಲ್ಲು, ಯಾರದೋ ಒಂದು ಸಾಕ್ಸ್ ನೀರಿನ ಜೊತೆ ಹರಿದು ಬರುತ್ತವೆ. ಬೇಜಾರಾಗಲಿಲ್ಲವೇ ಎಂದು ಕೇಳಿದರೆ ಬ್ರಷ್ ನಿಲ್ಲುತ್ತದೆ.

"ಆಯ್ತು. ಸುಳ್ಳು ಯಾಕೆ ಹೇಳ್ಲಿ, ತುಂಬಾನೇ ಬೇಜಾರಾಯ್ತು. ಇವಳು ಬಂದಿದ್ಲಲ್ಲ." ಬ್ರಷ್ಷನ್ನು ಬಕೆಟ್ಟಿಗೆ ಅದ್ದಿ, "ಆದ್ರೆ ಹನ್ನೊಂದು ಜನ ಮೈದಾನಕ್ಕೆ ಇಳಿಯೋದನ್ನ ಹೊರಗಡೆಯಿಂದ ನೋಡ್ಬೇಕು ನೀವು. ವಾರವೆಲ್ಲ ಬಗ್ಗಿ ದುಡಿದವರು ಅವತ್ತೊಂದಿನ ಬೆನ್ನು ನೆಟ್ಟಗೆ ಮಾಡ್ಕೊಂಡು ನಡೀತಾರೆ. ಅವರನ್ನ ಕರ್ಕೊಂಡು ಬಂದೋನು ನಾನು."

ಹೆಂಡತಿಗೆ ಇದರಿಂದೆಲ್ಲ ಸಮಾಧಾನವಿಲ್ಲ. "ಇನ್ನೊಂದು ಭಾನುವಾರ ರಜೆ ಕೇಳ್ತೀನಿ," ಎನ್ನುತ್ತಾರೆ ಪೈಪಿನ ನೀರು ಗಂಡನ ಕಾಲಿಗೇ ಹಾಯಿಸುತ್ತ. "ಯಾವಾಗ ಸಿಗುತ್ತೋ ಗೊತ್ತಿಲ್ಲ. ಇವರು ಓಡೋದನ್ನ ನೋಡ್ದೆ ಬಿಡಲ್ಲ ನಾನು."

ಆ ಭಾನುವಾರ ಬಂದಾಗ ಏನು ಮಾಡುತ್ತೀರಿ ಎಂದರೆ ಚಾಲಕರು ಬೋರಲಾಗಿದ್ದ ಕ್ರೇಟೊಂದನ್ನು ಎತ್ತಿ, ನೀರು ಬಸಿದು, ನೆಟ್ಟಗೆ ಇಡುತ್ತಾರೆ.

"ಅವತ್ತೂ ಎಲ್ಲ ಬಾಗ್ಲೂ ತಟ್ತೀನಿ. ಜೋರಾಗೇ ತಟ್ತೀನಿ, ಅದ್ರಲ್ಲಿ ಮೋಸ ಇಲ್ಲ," ಎನ್ನುತ್ತಾರೆ. "ಆದ್ರೆ ಯಾವುದಾದ್ರೂ ಒಂದು ಬಾಗ್ಲಿಗೆ, ಒಂದೇ ಒಂದು ಬಾಗ್ಲಿಗೆ, ಬೀಗ ಹಾಕಿರ್ಲಿ."