ಮಂಚಮ್ಮನ ಗಂಟಲೂ ಪ್ರಸನ್ನನ ಪೆಟ್ಟಿಗೆಯೂ

ನನ್ನ ತಮ್ಮ ಪ್ರಸನ್ನನದು ಮಳವಳ್ಳಿಯಲ್ಲಿ ಒಂದು ರಿಪೇರಿ ಅಂಗಡಿ. ಪಕ್ಕದಲ್ಲೇ ನನ್ನ ಹೊಲಿಗೆ ಮಿಷನ್ನು. ಟೀವಿ ರಿಮೋಟು, ಡೈರಿಯ ತೂಕದ ಯಂತ್ರ, ಗುಂಡಿ ಇರುವುದು ಏನೇ ಬಂದರೂ ಸರಿಮಾಡುತ್ತಾನೆ. ಕೈ ಚೆನ್ನಾಗಿದೆ, ಬಾಯಿಗೆ ಮಾತ್ರ ಬೀಗವಿಲ್ಲ. "ನಾನ್ ಮಾಡಿದ್ದು ಕೆಡಾಕಿಲ್ಲ ಕಣಕ್ಕ" ಅನ್ನುವುದನ್ನು ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿದಿದೆ.

ಬೆಳಕವಾಡಿಯ ನಮ್ಮ ಬೀದಿಯ ಹಾಡಿನ ತಂಡಕ್ಕೆ ಕೀಬೋರ್ಡು ಬೇಕಾದಾಗ, ಗುಜರಿಯಿಂದ ಕೆಟ್ಟದ್ದೊಂದನ್ನು ತಂದು ಒಳಗಿನ ತಂತಿಗಳನ್ನೆಲ್ಲ ತಾನೇ ಹೊಸದಾಗಿ ಹಾಕಿದ. ಅವತ್ತಿನಿಂದ ನಮ್ಮವ್ವ ಮಂಚಮ್ಮನಿಗೆ ಗ್ರಹಚಾರ ಶುರುವಾಯಿತು. ನಾಟಿ ಗದ್ದೆಯಿಂದ ಹಿಡಿದು ಮದುವೆ ಮನೆತನಕ ಹಾಡಿದವಳು ಅವಳು. ಈ ಬುದ್ಧ ಪೂರ್ಣಿಮೆಗೆ ಮೊದಲ ಸಲ ಮೈಕಿನ ಮುಂದೆ ಹಾಡಬೇಕಿತ್ತು. ಕೀಬೋರ್ಡಿನ ಪೆಟ್ಟಿಗೆಯ ಜೊತೆ ಅಭ್ಯಾಸಕ್ಕೆ ಕೂತರೆ ಏನೋ ಅಪಸ್ವರ. "ಅವ್ವ, ಪೆಟ್ಟಿಗೆ ಸರಿಯಾಗೇ ಅದೆ, ನಿನ್ ಗಂಟ್ಲೇ ಕೆಟ್ಟೋಗದೆ" ಅಂದುಬಿಟ್ಟ ಪ್ರಸನ್ನ. ಅದೂ ಎಲ್ಲರ ಎದುರಿಗೆ! ಅವ್ವ "ನಾ ಆಡಾಕಿಲ್ಲ ಬುಡ್ರಪ್ಪ" ಅಂತ ಎದ್ದುಹೋದಳು. ಮನೆಯಲ್ಲಿ ಗುನುಗುವುದನ್ನೂ ಬಿಟ್ಟಳು.

"ಒಂದ್ಸಲ ಬಿಚ್ಚಿ ನೋಡ್ಲಾ" ಅಂತ ಬೆನ್ನುಹತ್ತಿ ಪೆಟ್ಟಿಗೆಯನ್ನು ಅಂಗಡಿಗೆ ತರಿಸಿದೆ. ಅವನು ಒಂದೊಂದೇ ಕೀ ಒತ್ತಿ ತೋರಿಸಿದ. ಎಲ್ಲವೂ ಸರಿ! ನಾನು ಬಿಡಲಿಲ್ಲ, ಅದನ್ನು ನುಡಿಸುವ ಕೆಂಪಸಿದ್ದಯ್ಯ ಮಾವನನ್ನೇ ಕರೆಸಿದೆ. ಮಾವನದು ಹಳೆಯ ಹಾರ್ಮೋನಿಯಂ ಕೈ. ಕೂತವರೇ ಶ್ರುತಿ ನಿಲ್ಲಲಿ ಅಂತ 'ಸ', 'ಪ' ಎರಡನ್ನೂ ಒತ್ತಿ, ಮೇಲೇಳದಂತೆ ಬೆಂಕಿಕಡ್ಡಿ ಸಿಕ್ಕಿಸಿದರು. ಆಮೇಲೆ 'ಗ' ಒತ್ತಿದರು. ಯಾರೂ ಮುಟ್ಟದ ಇನ್ನೊಂದು ಸ್ವರ ಕುಯ್ ಅಂದಿತು! ಕಡ್ಡಿ ತೆಗೆದರೆ ನಿಂತಿತು, ಸಿಕ್ಕಿಸಿದರೆ ಮತ್ತೆ ಬಂತು.

ಪ್ರಸನ್ನ ಇಂಗು ತಿಂದ ಮಂಗನ ಹಾಗೆ ಕೂತ. ಆಮೇಲೆ ಅವನೇ ಬಿಡಿಸಿ ಹೇಳಿದ. ಕೀಗಳ ತಂತಿಗಳು ಅಡ್ಡಕ್ಕೂ ಉದ್ದಕ್ಕೂ ಹಾದುಹೋಗಿರುತ್ತವಂತೆ. ಆ ತಂತಿಗಳ ಒಂದು ಚೌಕದ ಮೂರು ಮೂಲೆಯ ಕೀಗಳನ್ನು ಒಟ್ಟಿಗೆ ಒತ್ತಿದರೆ, ಪಕ್ಕದ ಗದ್ದೆಗೆ ನೀರು ನುಗ್ಗಿದ ಹಾಗೆ ಕರೆಂಟು ಹಿಂದಕ್ಕೆ ಹರಿದು, ನಾಲ್ಕನೆಯ ಮೂಲೆಯದನ್ನೂ ಒತ್ತಿದಂತೆ ಆಗುತ್ತದೆ. ಪ್ರತಿ ಕೀಗೂ ಒಂದು ಡಯೋಡು ಹಾಕಿದ್ದರೆ ಕರೆಂಟು ಒಂದೇ ಕಡೆಗೆ ಹೋಗುತ್ತಿತ್ತು. "ರಿಮೋಟಲ್ಲಿ ಯಾರಕ್ಕ ಮೂರು ಗುಂಡಿ ಒಟ್ಟಿಗೆ ಒತ್ತಾರು? ಅದೇ ಅಭ್ಯಾಸ್ದಲ್ಲಿ ಡಯೋಡು ಬುಟ್ಬುಟ್ಟೆ" ಅಂದ.

"ಅವ್ವನ್ನ ಅನ್ನೋವಾಗ ಬಾಯಿ ಚೆನ್ನಾಗಿತ್ತಲ್ಲ!" ಅಂತ ಝಾಡಿಸಿದೆ.

ಡಯೋಡುಗಳನ್ನೆಲ್ಲ ಬೆಸೆದು, ಮನೆಗೆ ಬಂದು ಅವ್ವನ ಕಿವಿಯಲ್ಲಿ ಪಿಸುಗುಟ್ಟಿದ: "ತಪ್ಪು ನಂದೇ ಕಣವ್ವ."

"ಎಲ್ಲರ ಮುಂದೆ ಅಂದೋನು, ಎಲ್ಲರ ಮುಂದೇನೇ ಏಳ್ಲಾ" ಅಂದಳು ಅವ್ವ.

ಪೂರ್ಣಿಮೆಯ ಸಂಜೆ ಪ್ರಸನ್ನ ಮೈಕು ಹಿಡಿದ. ಬೆವರು ಸುರಿಯುತ್ತಿತ್ತು. "ನಮ್ಮವ್ವನ ಗಂಟ್ಲು ಕೆಟ್ಟಿರ್ನಿಲ್ಲ. ಕೆಟ್ಟಿದ್ದು ನಾನ್ ಮಾಡಿದ್ ಪೆಟ್ಟಿಗೆ." ಬೀದಿಗೆ ಬೀದಿಯೇ ಗೊಳ್ಳೆಂದು ನಕ್ಕಿತು. ಅವ್ವ ನಗಲಿಲ್ಲ. ಮೈಕು ಕಿತ್ತುಕೊಂಡು ಹಾಡತೊಡಗಿದಳು. ಆಹಾ, ಏನು ಗಂಟಲು! ನನಗಂತೂ ಅಳು ತಡೆಯಲಾಗಲಿಲ್ಲ. ಅವಳಿಗೆ ಒಂದೇ ಹಾಡು ಅಂತ ತಂಡದವರು ಹೇಳಿದ್ದರು. ಅದು ಮುಗಿದ ಮೇಲೆ ಅವ್ವ ಯಾರನ್ನೂ ಕೇಳದೆ ಇನ್ನೊಂದನ್ನು ಎತ್ತಿಕೊಂಡಳು.