ಸರಾಸರಿಗೆ ಸೇರದ ಮಕ್ಕಳು

ಆ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸರದಿ ಮೇಡಂ ಎಂದೇ. ಹಳೆಯ ಕಡತಗಳ ಕೋಣೆಯ ಹಿಂದಿರುವ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಒಂಬತ್ತು ವರ್ಷಗಳಿಂದ ಅವಳು, ಯಾರು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ನೋಡಲು, ನಿಜದಲ್ಲಿ ಇಲ್ಲದ ರೋಗಿಗಳನ್ನು ಕಂಪ್ಯೂಟರಿನೊಳಗೆ ಸಾಲಾಗಿ ನಿಲ್ಲಿಸುತ್ತಿದ್ದಳು. ಒಬ್ಬ ಬಂದ, ಒಬ್ಬನನ್ನು ಕರೆದರು, ಒಬ್ಬ ಹೊರಟ. ಇಂಥ ಘಟನೆಗಳನ್ನು ಸಮಯದ ಪ್ರಕಾರ ಜೋಡಿಸಿಟ್ಟರೆ ಯಂತ್ರ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತ ಹೋಗುತ್ತದೆ, ನಡುವಿನ ಖಾಲಿ ನಿಮಿಷಗಳ ಗೊಡವೆ ಅದಕ್ಕಿಲ್ಲ. ಆಸ್ಪತ್ರೆಯ ಇಡೀ ದಿನ ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಅವಳ ದಿನವೇ ಮುಗಿಯುತ್ತಿರಲಿಲ್ಲ. ಕಡತದ ಕೋಣೆಯ ಗುಮಾಸ್ತ ಬಾಗಿಲಲ್ಲಿ ಇಣುಕಿ ನಗುತ್ತಿದ್ದ: “ನಿಮ್ಮ ರೋಗಿಗಳೇ ವಾಸಿ ಮೇಡಂ. ಕೆಮ್ಮಲ್ಲ, ಜಗಳ ಆಡಲ್ಲ.”

ನಾಲ್ಕು ವರ್ಷದ ಮಗಳು ಏಳುವ ಮೊದಲೇ ಅವಳು ಮನೆ ಬಿಡಬೇಕು. ವಾಪಸು ಬರುವಷ್ಟರಲ್ಲಿ ಅತ್ತೆ ಊಟ ಮಾಡಿಸಿ ಮಲಗಿಸಲು ಹೊರಟಿರುತ್ತಾರೆ. ಈ ಸಲ ಮಾತ್ರ ಒಂದು ದಾರಿ ಕಂಡಿತ್ತು. ಮಕ್ಕಳ ವಿಭಾಗದ ಮೂರು ಕೊಠಡಿಗಳಲ್ಲಿ ಒಂದನ್ನು ಮುಚ್ಚಬಹುದೇ ಎಂಬ ವರದಿಗೆ ಸಹಿ ಹಾಕಿಬಿಟ್ಟರೆ, ಒಂದನೇ ತಾರೀಕಿನಿಂದ ಮನೆ ಹತ್ತಿರದ ತರಬೇತಿ ಶಾಲೆಗೆ ವರ್ಗ. ಮಗಳನ್ನು ತಾನೇ ಕೈಹಿಡಿದು ಶಾಲೆಗೆ ಕರೆದೊಯ್ಯುವುದಾಗಿ ಅವಳು ಮಾತು ಕೊಟ್ಟೂ ಆಗಿತ್ತು.

ಎರಡೇ ಕೊಠಡಿಯಿದ್ದರೂ ಸರಾಸರಿ ಕಾಯುವಿಕೆ ಹದಿನಾಲ್ಕು ನಿಮಿಷ ಎಂದಿತ್ತು ಯಂತ್ರ. ಸಹಿ ಹಾಕಿ ಏಳಬಹುದಿತ್ತು. ಆದರೆ ಭಾನುವಾರದಿಂದ ಮಗಳಿಗೆ ಕೆಮ್ಮು. ಮನಸ್ಸು ಎಲ್ಲದರಲ್ಲೂ ಕೆಟ್ಟದ್ದನ್ನೇ ಹುಡುಕುತ್ತಿತ್ತು. ಎಲ್ಲರಿಗಿಂತ ಹೆಚ್ಚು ಕಾದವರು ಯಾರು ಎಂದು ನೋಡಿದಳು. ಐವತ್ತೊಂದನೇ ಮಗು. ಎಂಟೂ ಐದಕ್ಕೆ ಬಂದದ್ದು, ಎರಡಕ್ಕೆ ಬಾಗಿಲು ಮುಚ್ಚುವವರೆಗೂ ಕರೆದೇ ಇಲ್ಲ. ಅಂಥವು ಮೂವತ್ತೇಳು.

ತಪ್ಪು ಅವಳದೇ. ಕಾಯುವವರನ್ನು ಅವಳು ಕವಲೊಡೆದ ಮರದ ಹಾಗೆ ಜೋಡಿಸಿದ್ದಳು: ಎಲ್ಲರಿಗಿಂತ ತುರ್ತಾದವರು ತುದಿಯಲ್ಲಿ, ಉಳಿದವರು ಕೆಳಗೆ. ಸಾಮಾನ್ಯ ಜ್ವರದ ಮಕ್ಕಳಿಗೆಲ್ಲ ತುರ್ತಿನ ಅಂಕಿ ಮೂರೇ. ತುದಿಯ ಮಗು ಒಳಗೆ ಹೋದಾಗ ಪಟ್ಟಿಯ ಕೊನೆಯದು ಆ ಜಾಗಕ್ಕೆ ಏರುತ್ತದೆ. ಅದಕ್ಕಿಂತ ತುರ್ತಾದವರಿದ್ದರೆ ಅದು ಮತ್ತೆ ಕೆಳಗಿಳಿಯಬೇಕು, ಆದರೆ ಎಲ್ಲರೂ ಸಮಾನರಾದಾಗ ಅದನ್ನು ಕೆಳಗಿಳಿಸುವವರೇ ಇಲ್ಲ. ಹೀಗೆ ಆಗತಾನೆ ಬಂದವರು ಒಳಗೆ ಹೋಗುತ್ತಿದ್ದರು, ನಡುವೆ ಸಿಕ್ಕವರು ಅಲ್ಲೇ. ಬಂದ ಕ್ರಮಕ್ಕೊಂದು ಸಂಖ್ಯೆ ಕೊಡುವುದನ್ನು ಅವಳು ಮರೆತಿದ್ದಳು. ಸರಾಸರಿಗೆ ಸೇರುವವರು ಒಳಗೆ ಹೋದವರು ಮಾತ್ರ. ಹಾಗಾಗಿ ಕಾದು ಕಾದು ಉಳಿದವರ ಸುದ್ದಿಯೇ ವರದಿಯಲ್ಲಿರಲಿಲ್ಲ. ಸಂಖ್ಯೆ ಕೊಟ್ಟು ಮತ್ತೆ ಓಡಿಸಿದಳು. ಸರಾಸರಿ ಒಂದೂಕಾಲು ಗಂಟೆ ದಾಟಿತು, ಆಮೇಲೂ ಬಾಗಿಲು ಮುಚ್ಚುವಾಗ ಮಕ್ಕಳು ಉಳಿದಿದ್ದರು.

ಆಸ್ಪತ್ರೆಯ ಸೂಪರಿಂಟೆಂಡೆಂಟರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

“ಅವೇನು ನಿಜವಾದ ಮಕ್ಕಳಲ್ವಲ್ಲಮ್ಮ.”

“ಕೊಠಡಿ ಮುಚ್ಚಿದ ಮಾರನೇ ದಿನ ನಿಜವಾದವೇ ಬರ್ತಾವೆ ಸಾರ್.”

ಅವರು ಕನ್ನಡಕ ತೆಗೆದು ಒರೆಸಿದರು. “ಸರಿ, ಮೊದಲಿಂದ ಮಾಡಿ. ಆದ್ರೆ ನಿಮ್ಮನ್ನ ಬಿಡೋದು ಹೇಗೆ, ನೀವೇ ಹೇಳಿ. ಇದು ಗೊತ್ತಿರೋದು ನಿಮಗೊಬ್ಬರಿಗೇ. ಆ ತರಬೇತಿ ಶಾಲೆಯವರು ಒಂದನೇ ತಾರೀಕಿನ ಮೇಲೆ ಕಾಯಲ್ಲ.” ಹಳೆಯ ವರದಿಯನ್ನೂ ಪೆನ್ನನ್ನೂ ಅವಳ ಮುಂದೆ ಸರಿಸಿ, ಬಲವಂತವೇನಿಲ್ಲ ಎಂದರು.

ಸಹಿ ಹಾಕಲೆಂದೇ ಅವಳು ಪೆನ್ನು ಕೈಗೆತ್ತಿಕೊಂಡಳು. ಆಮೇಲೆ ವರದಿಯ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ತಪ್ಪಿದೆ’ ಎಂದು ಬರೆದು ತಾರೀಕು ಹಾಕಿದಳು.

ಗಂಡನಿಗೆ ಫೋನಿನಲ್ಲಿ ಎಲ್ಲ ಹೇಳಿದಳು. “ಪುಟ್ಟಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?” ಎಂದು ಮಾತ್ರ ಕೇಳಿದ. ತಾನೇ ಹೇಳುವುದಾಗಿ ಅಂದಳು. ಆ ಸಂಜೆ ಹೇಳಲಾಗಲಿಲ್ಲ, ಮರುದಿನವೂ ಆಗಲಿಲ್ಲ.

ಒಂದನೇ ತಾರೀಕಿನ ಬೆಳಿಗ್ಗೆ ಮಗಳು ಅವಳಿಗಿಂತ ಮೊದಲೇ ಎದ್ದಿದ್ದಳು. ಬೂಟು ತಿರುವುಮುರುವಾಗಿ ಹಾಕಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು. ಅಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಮಗಳು ಅಳಲಿಲ್ಲ, ಅಮ್ಮನ ಕೈಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಸ್ಸಿಗೆ ನಾಲ್ಕೇ ನಿಮಿಷ. ಅತ್ತೆ ಬಂದು ಒಂದೊಂದೇ ಬೆರಳು ಬಿಡಿಸಿದರು.