ಮೀನನ್ನು ಅಳಿಸಿದ್ದು ನಾನೇ

ಈ ವಯಸ್ಸಿನಲ್ಲಿ ನನ್ನಿಂದೊಂದು ತಪ್ಪಾಗಿದೆ. ಹೇಳಿಬಿಡುತ್ತೇನೆ.

ಕುವೈತಿನ ಮಂಗಫ್‌ನಲ್ಲಿ ನಮ್ಮ ಕೆಳಗಿನ ಮಹಡಿಯಲ್ಲಿ ಕೊಂಕಣಿ ಮಾತಾಡುವ ಸಂಸಾರವೊಂದಿದೆ. ಗಂಡ ಹನ್ನೊಂದು ವರ್ಷ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ದುಡಿದವನು. ಕಂಪನಿ ಮುಚ್ಚಿತು. ಒಂದು ತಿಂಗಳೊಳಗೆ ಬೇರೆ ಕೆಲಸ ಸಿಕ್ಕಿದರೆ ವಾಸದ ಪರವಾನಗಿಯಾದ ಇಕಾಮಾ ಅಲ್ಲಿಗೆ ಬದಲಿಸಿಕೊಡುತ್ತೇನೆ, ಇಲ್ಲದಿದ್ದರೆ ಊರಿಗೆ ಹೊರಡು ಎಂದ ವೀಸಾ ಕೊಟ್ಟ ಧಣಿ, ಕಫೀಲ್. ಹೊರಟರೆ ಅವನೊಬ್ಬನೇ ಅಲ್ಲ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಹೊರಡಬೇಕು.

ಅವನು ರೆಸ್ಯೂಮೆ ಹಿಡಿದುಕೊಂಡು ನನ್ನ ಹತ್ತಿರ ಬಂದ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಕೂದಲೆಳೆಯಲ್ಲಿ ಪಾಸು. ಆದರೆ ಮೂವತ್ತು ವರ್ಷ ಆಫೀಸಿನಲ್ಲಿ ಟೈಪ್ ಮಾಡಿದ್ದರಿಂದ ಕಟ್ಟಡದವರಿಗೆ ನಾನೇ ಪಂಡಿತ. ಹಾಗೆ ಕರೆಸಿಕೊಳ್ಳುವುದು ನನಗೂ ಇಷ್ಟವೇ.

ಆಗಷ್ಟೇ ಫೋನಿನಲ್ಲಿ ಒಂದು ಆ್ಯಪ್ ಸಿಕ್ಕಿತ್ತು. ಕೆಲಸದ ಜಾಹೀರಾತನ್ನೂ ರೆಸ್ಯೂಮೆಯನ್ನೂ ಅದಕ್ಕೆ ಕೊಟ್ಟರೆ ಎರಡೂ ಎಷ್ಟು ಹೊಂದುತ್ತವೆಂದು ಅಂಕ ಹಾಕುತ್ತದೆ. ಆಹಾರ ಸಾಮಗ್ರಿಯ ಕಂಪನಿಯೊಂದಕ್ಕೆ ಸ್ಟೋರ್‌ಕೀಪರ್ ಬೇಕಿತ್ತು. ಇವನಿಗೆ ನೂರಕ್ಕೆ ಮೂವತ್ತೊಂದು ಬಂತು.

"ನಾನು ಫೇಲಾ ಅಣ್ಣ?"

"ಹೆದರಬೇಡ ಮಾರಾಯ, ನಾನಿಲ್ವಾ?"

ಇಲ್ಲದ ಪದಗಳನ್ನೆಲ್ಲ ಅದು ಕೆಂಪಕ್ಷರದಲ್ಲಿ ತೋರಿಸುತ್ತದೆ. ಒಂದೊಂದಾಗಿ ತುಂಬಿಸಿದೆ. ತಂಡದ ನಾಯಕತ್ವ, ದಾಸ್ತಾನು ವಿಶ್ಲೇಷಣೆ. ಅಂಕ ಎಪ್ಪತ್ತಾಯಿತು. ಅರಬ್ಬಿ ಓದು ಬರಹ ಎಂದು ಸೇರಿಸುವಾಗ ಅವನು ಕೈ ಹಿಡಿದ.

"ಅಣ್ಣ, ನನಗೆ ಗೊತ್ತಿರುವುದು ಯಲ್ಲಾ, ಖಲಾಸ್ ಎರಡೇ."

"ಕೆಲಸ ಶುರು ಮಾಡಲಿಕ್ಕೆ ಒಂದು, ಮುಗಿಸಲಿಕ್ಕೆ ಒಂದು. ಮತ್ತೆ ಎಂಥ ಬೇಕು ನಿನಗೆ?"

ಅಡುಗೆಮನೆಯಿಂದ ನನ್ನ ಹೆಂಡತಿ, "ಕೆಲಸ ಅವನಿಗಂತೆ, ಪರೀಕ್ಷೆ ಇವರದ್ದು" ಎಂದಳು. ಸುಳ್ಳಲ್ಲ. ಜನ್ಮದಲ್ಲಿ ತೊಂಬತ್ತು ಕಂಡವನಲ್ಲ ನಾನು, ಎಂಬತ್ತೆಂಟಕ್ಕೆ ಅಂಕ ನಿಂತಾಗ ಜೀವ ಚಡಪಡಿಸಿತು. ಜಾಹೀರಾತಿಗೆ ಸಂಬಂಧಿಸದ್ದನ್ನು ತೆಗೆಯಿರಿ ಎಂದಿತು ಆ್ಯಪ್. ಜಾಹೀರಾತಿನಲ್ಲಿ ಮೀನು ಎಂಬ ಮಾತೇ ಇರಲಿಲ್ಲ. ಇವನ ರೆಸ್ಯೂಮೆಯ ತುಂಬ ಮೀನು. ಅಷ್ಟನ್ನೂ ಅಳಿಸಿದೆ. ತೊಂಬತ್ತೇಳು! ಹೆಂಡತಿಯನ್ನು ಕರೆದು ತೋರಿಸಿದೆ.

ಇಂಟರ್‌ವ್ಯೂಗೆ ಕರೆ ಬಂತು. ಹೋಗಿಬಂದವನು ಚಪ್ಪಲಿ ಕೂಡ ಕಳಚದೆ ಬಾಗಿಲಲ್ಲೇ ನಿಂತು ಹೇಳಿದ.

"ಮ್ಯಾನೇಜರು ಒಂದು ಅರಬ್ಬಿ ಪತ್ರ ಕೊಟ್ಟು ಓದು ಅಂದರು ಅಣ್ಣ."

"ನೀನು?"

"ಸೀಲು ಚೆಂದ ಉಂಟು ಸಾರ್ ಅಂದೆ."

ಮ್ಯಾನೇಜರು ರೆಸ್ಯೂಮೆಯನ್ನು ಮುಂದೆ ತಳ್ಳಿ, ಇದರಲ್ಲಿ ನಿಜ ಯಾವುದು ಎಂದು ಕೇಳಿದರಂತೆ. ಇವನು ಹೆಸರು, ಪಾಸ್‌ಪೋರ್ಟ್ ನಂಬರು ತೋರಿಸಿದನಂತೆ. ನನಗೆ ಆ ಮಕ್ಕಳ ಶಾಲೆ ಕಣ್ಣ ಮುಂದೆ ಬಂತು.

"ಮತ್ತೆ ನಿನಗೆ ಗೊತ್ತಿರುವುದೇನು ಅಂದರು. ಮೀನು ಅಂದೆ. ಅವರ ಸ್ಟೋರಿನಲ್ಲಿ ಅರ್ಧಕ್ಕರ್ಧ ಮೀನೇ ಅಂತೆ! ಇದರಲ್ಲಿ ಯಾಕಿಲ್ಲ ಅಂತ ಕೇಳಿದರು. ನಮ್ಮಲ್ಲೊಬ್ಬ ಹಿರಿಯರಿದ್ದಾರೆ, ಅಂಕ ಕಡಿಮೆಯಾಗ್ತದೆ ಅಂತ ಅಳಿಸಿದರು ಅಂದೆ."

ಮ್ಯಾನೇಜರು ಅವನನ್ನು ನೇರ ಕೋಲ್ಡ್ ರೂಮಿಗೆ ಕರೆದೊಯ್ದರಂತೆ. ಇವನು ಅಂಜಲ್ ಮೀನಿನ ಪೆಟ್ಟಿಗೆಗಳನ್ನು ತೆರೆದು, ಒಂದೇ ಮೂಲೆಯಲ್ಲಿ ಮಂಜುಗಡ್ಡೆ ಸೇರಿದ ಮೂರನ್ನು ಬದಿಗಿಟ್ಟನಂತೆ. ಅವು ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾದವಂತೆ. ಕೆಲಸ ಅಲ್ಲೇ ಸಿಕ್ಕಿತು. ಇಕಾಮಾ ಉಳಿಯಿತು.

ನಾನು ಮೊದಲು ಕೇಳಿದ್ದೇನು ಗೊತ್ತೇ? "ನನ್ನ ಹೆಸರು ಹೇಳಲಿಲ್ಲ ತಾನೆ?"

ತಪ್ಪು ಅಲ್ಲಿಗೂ ನಿಲ್ಲಲಿಲ್ಲ. ಮನೆಮನೆಗೆ ಸ್ವೀಟ್ಸ್ ಹಂಚುವಾಗ ಆ ಪುಣ್ಯಾತ್ಮ, "ರೆಸ್ಯೂಮೆ ಅಣ್ಣನದ್ದು" ಎಂದಷ್ಟೇ ಹೇಳಿದ. ಶುಕ್ರವಾರ ನಾಲ್ಕು ಜನ ತಮ್ಮ ರೆಸ್ಯೂಮೆಗಳೊಂದಿಗೆ ನಮ್ಮ ಬಾಗಿಲಲ್ಲಿದ್ದರು. ದೂರದ ಸಾಲ್ಮಿಯಾದಿಂದಲೂ ಒಬ್ಬ ಬಂದಿದ್ದ. "ನಿಜ ಹೇಳಿ ಕಳಿಸಿ" ಎಂದು ಹೆಂಡತಿ ಪಿಸುಗುಟ್ಟಿದಳು. ನಾನು ಕನ್ನಡಕ ಒರೆಸಿಕೊಂಡು, "ಒಬ್ಬೊಬ್ಬರಾಗಿ ಬನ್ನಿ" ಎಂದೆ.

ಬರುವ ಶುಕ್ರವಾರ ಬಂದವರಿಗೆ ಮೊದಲು ಈ ಬರಹವನ್ನೇ ಓದಲು ಕೊಡಬೇಕೆಂದಿದ್ದೇನೆ. ಹೆಂಡತಿ ನಂಬುತ್ತಿಲ್ಲ.